ಅಂಬೂ ವೈನಿಯ ಹಸಿರು ಪಂಪು

ಅಂಬೂ ವೈನಿಯ ಮಾತು ಕಂತಿನಲ್ಲಿ ಬರುತ್ತಿತ್ತು. “ಇಂದೂ, ನಿನ್ನ ಅತ್ತಿ ಅಂದ್ರ...” ಎಂದು ನನಗೆ ಹೇಳಹೊರಟು ನಿಲ್ಲಿಸಿ, ಬಾಗಿಲ ಚೌಕಟ್ಟು ಹಿಡಿದು, ತುಟಿ ಚೂಪು ಮಾಡಿ ಉಸಿರು ಬಿಡುವರು. ಮುಂದೆ ಬರುವುದು ಹೊಗಳಿಕೆಯೋ ಬೈಗುಳವೋ ತಿಳಿಯದೆ ನಾವೆಲ್ಲ ಕಾಯಬೇಕು. “...ದೇವರಿದ್ಧಾಂಗ. ಕೂತ ಜಾಗಾ ಬಿಟ್ಟು ಅಳ್ಳಾಡೂದಿಲ್ಲ.” ನಾವು ನಗುತ್ತಿದ್ದೆವು. ಅವರ ನಗೆ ಕೆಮ್ಮಿಗೆ ತಿರುಗಿದಾಗ ನಮ್ಮದು ನಿಲ್ಲುತ್ತಿತ್ತು.

ವೈನಿ ನನ್ನ ಅಣ್ಣನ ಹೆಂಡತಿ, ಅಕ್ಕಲಕೋಟದವರು. ಬೀಡಿ-ಸಿಗರೇಟಿನ ಮನೆತನವಲ್ಲ. ಎದೆ ಹಾಳು ಮಾಡಿದ್ದು ಕಟ್ಟಿಗೆ ಒಲೆ. ಮನೆಯಲ್ಲಿ ಗ್ಯಾಸ್ ಇತ್ತು, ಆದರೆ ಅದರ ಮೇಲೆ ಚಹಾ ಮಾತ್ರ. ದೇವರ ನೈವೇದ್ಯ ಮಡಿಯಲ್ಲಿ, ಕಟ್ಟಿಗೆಯ ಮೇಲೆಯೇ ಬೇಯಬೇಕು. ಕಾನ್ವೆಂಟಿನಲ್ಲಿ ಓದಿದ ನನ್ನ ಹೈಜೀನ್ ಲೆಕ್ಚರಿಗೆ ಅವರ ಉತ್ತರ ಒಂದೇ: “ನಿಮ್ಮ ಸಿಸ್ಟರ್ ಬಂದು ಹೂರಣ ರುಬ್ಬತಾಳೇನು?”

ತೊಂಬತ್ತರ ದಶಕದ ಕೊನೆಯಲ್ಲಿ ಅವರನ್ನು ಸೊಲ್ಲಾಪುರಕ್ಕೆ ಕರೆತಂದು, ವಿಜಾಪುರ ರಸ್ತೆಯ ಎದೆರೋಗದ ಡಾಕ್ಟರಿಗೆ ತೋರಿಸಿದೆ. ಆತ ಎಕ್ಸ್‌ರೇ ನೋಡಿ, ಉಸಿರಿನೊಂದಿಗೆ ಔಷಧ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟು, ವೈನಿಯನ್ನು ಚಿಕ್ಕಮ್ಮನಂತೆ ‘ಕಾಕು’ ಎಂದು ಕರೆದು ತಿಳಿಸಿ ಹೇಳಿದ.

“ಕಾಕು, ಹಸಿರು ಪಂಪ್ ದಿನಾ ಎರಡು ಹೊತ್ತು. ದಮ್ಮು ಇರ್ಲಿ, ಇಲ್ದಿರ್ಲಿ. ಅದು ಸಾವಕಾಶ ಹತ್ತತದ, ಹನ್ನೆರಡು ತಾಸು ಇರ್ತದ. ಏಕದಮ್ ತ್ರಾಸ ಆದ್ರ ಅದು ಉಪಯೋಗಿಲ್ಲ, ಆವಾಗ ನೀಲಿ.”

“ಛಲೋ ಇದ್ದಾಗ ಔಷಧ ಯಾಕ್ರಿ?”

“ಛಲೋ ಇರ್ಲಿಕ್ಕೇ. ಮತ್ತ ಆ ಒಲಿ ಬಂದ್ ಮಾಡ್ರಿ.”

“ಒಲಿ ಬಂದ್ ಆದ್ರ ಮನಿ ಬಂದ್, ಡಾಕ್ಟರ.”

ಪಂಪಿನ ಬಾಯಿಗೆ ಎಂಜಲು ಹತ್ತುತ್ತದೆ, ಅದನ್ನು ಮುಟ್ಟಿದರೆ ಮಡಿ ಕೆಡುತ್ತದೆ ಎಂಬ ಹೊಸ ತಕರಾರು ಶುರುವಾಯಿತು. “ಗಾಳಿಗೆಲ್ಲಿ ಮೈಲಿಗಿ, ಕಾಕು?” ಎಂದ ಡಾಕ್ಟರ್. “ಗಾಳಿಗಿಲ್ಲ, ಪ್ಲಾಸ್ಟಿಕ್ಕಿಗದ,” ಎಂದರು ವೈನಿ. ಕೊನೆಗೆ ಮುಂಜಾನೆ ಸ್ನಾನಕ್ಕೆ ಮೊದಲು, ಸಂಜೆ ಮಡಿ ಬಿಟ್ಟ ಮೇಲೆ ಎಂದು ರಾಜಿಯಾಯಿತು.

ಒಲೆ ಉರಿಯುತ್ತಲೇ ಇತ್ತು. ಆದರೂ ಆ ಬೇಸಿಗೆಯಲ್ಲಿ ವೈನಿ ನನ್ನ ಸ್ಲೀವ್‌ಲೆಸ್ ಬ್ಲೌಸನ್ನು ಒಂದೇ ಉಸಿರಿನಲ್ಲಿ, ಮೊದಲಿನಿಂದ ಕೊನೆತನಕ ಬೈದರು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಆಮೇಲೆ ನವರಾತ್ರಿ ಬಂತು. ದೇವಿಯ ಘಟ ಕೂಡಿಸಿದ ಮನೆ. ವೈನಿಗೆ ನಸುಕಿನಿಂದ ಮಲಗುವತನಕ ಮಡಿ. ಈಗ ಹ್ಯಾಗೂ ಆರಾಮ ಇದೆಯಲ್ಲ ಎಂದು ಹಸಿರು ಪಂಪನ್ನು ಕಪಾಟಿಗಿಟ್ಟರು. ಅಷ್ಟಮಿಯ ದಿನ ನಾನು ಹೋದಾಗ ಹೊಗೆ ತುಂಬಿದ ಅಡುಗೆಮನೆಯಲ್ಲಿ ಗೋಡೆಗಾತು ಕೂತಿದ್ದರು. ತುಟಿ ನೀಲಿಗಟ್ಟಿತ್ತು. ಮಡಿಯ ಗೊಡವೆ ಮರೆತು ಹಸಿರು ಪಂಪನ್ನೇ ಮತ್ತೆ ಮತ್ತೆ ಒತ್ತುತ್ತಿದ್ದರು.

“ನೀಲಿ ಎಲ್ಲಿ?” ಎಂದು ಚೀರಿದೆ.

“ಬಾಜೂ ಮನಿ ಅಜ್ಜಗ ಕೊಟ್ಟಾರ್ರಿ,” ವೈನಿಯ ಸೊಸೆ ಅಳುತ್ತ ಹೇಳಿದಳು. “ನನಗ ಹಸಿರಿಂದ ಗುಣ ಆಗೇದ, ಪಾಪ ಅವರಿಗೆ ದಮ್ಮು ಅಂತ.”

ಜೀಪು ಮಾಡಿಕೊಂಡು ಸೊಲ್ಲಾಪುರ ಮುಟ್ಟಿದೆವು. ಜೀವ ಉಳಿಯಿತು. ಡಿಸ್ಚಾರ್ಜಿನ ದಿನ ಡಾಕ್ಟರ್ ನನ್ನನ್ನು ಕಾರಿಡಾರಿಗೆ ಕರೆದ. “ಅದೇ ಪಂಪ್ ಬರದೀನ್ರಿ. ಬರೀಲಿಕ್ಕೇ ಬೇಕು. ಆದ್ರ ಹಿಂದಿನ ಹಂಗ ಆಗ್ತಾರಂತ ತಿಳೀಬ್ಯಾಡ್ರಿ. ಇನ್ನೊಂದು ಸಲ ಹಿಂಗಾದ್ರ ತಡಿಯೂದಿಲ್ಲ.”

ದೀಪಾವಳಿ ಮುಗಿದ ಮೇಲೆ ನೋಡಲು ಹೋದೆ. ಪಡಸಾಲೆಯ ಮಂಚದ ಮೇಲೆ, ದಿಂಬಿಗೆ ದಿಂಬು ಸೇರಿಸಿ ಕೂಡಿಸಿದ್ದರು. ಒಳಗೆ ಸೊಸೆ ಗ್ಯಾಸಿನ ಮೇಲೆ ನೈವೇದ್ಯ ಮಾಡುತ್ತಿದ್ದಳು. ವೈನಿ ಅದನ್ನು ಕೇಳಲೂ ಇಲ್ಲ.

“ನೋಡಿಲ್ಲೆ,” ಎಂದು ಹಸಿರು ಪಂಪು ತೆಗೆದರು. ಅಲುಗಿಸಿದರು, ಉಸಿರು ಪೂರಾ ಹೊರಬಿಟ್ಟರು, ತುಟಿ ಬಿಗಿಹಿಡಿದು ಒತ್ತಿ ಎಳೆದುಕೊಂಡರು, ಕಣ್ಣು ಮುಚ್ಚಿ ತಡೆದರು. ಡಾಕ್ಟರ್ ಕಲಿಸಿದ್ದರಲ್ಲಿ ಒಂದೂ ತಪ್ಪಲಿಲ್ಲ.

“ಬರೋಬರಿ ಆತಿಲ್ಲೊ?”

“ಪರ್ಫೆಕ್ಟ್, ವೈನಿ.”

“ಮತ್ತ ಯಾಕ ಉಸ್ರು ಬರವಲ್ದು?”

ನಾನು ಅವರ ಕಾಲಿನ ಮೇಲೆ ಚಾದರ ಎಳೆದೆ. ಸಂಕ್ರಾಂತಿಯತನಕ ಅವರು ಉಳಿಯಲಿಲ್ಲ. ನಾನು ನೋಡಿದ್ದು ಅದೇ ಕೊನೆ. ಬಸ್ಸಿನ ಹೊತ್ತಾಯಿತೆಂದು ಎದ್ದಾಗ ವೈನಿ ನನ್ನ ಮುಖ ನೋಡಿ, ನನ್ನನ್ನೇ ಸಮಾಧಾನ ಮಾಡುವವರಂತೆ ಅಂದರು:

“ಸಂಜೀಕೂ ತಗೋತೀನಿ, ಹೋಗು.”