ಅಳಗರಣ್ಣನ ಇನ್ನೊಂದು ಬಲಗೈ

ನನ್ನ ಅಣ್ಣ ಅಳಗರ್‌ಗೆ ಎರಡು ಬಲಗೈ ಇದ್ದವು. ಒಂದು ಮನೆಯ ಮಂಚದ ಮೇಲೆ ಸತ್ತುಬಿದ್ದಿತ್ತು. ಇನ್ನೊಂದು ದಿಂಡಿಗಲ್ಲಿನ ಕಬ್ಬಿಣದ ಬೀರು ಕಾರ್ಖಾನೆಯಲ್ಲಿ ದಿನಾ ದುಡಿಯುತ್ತಿತ್ತು.

ನಾವು ಕಂಬಂ ಕಡೆಯಿಂದ ದಿಂಡಿಗಲ್ಲಿಗೆ ಬಂದು ನೆಲೆಸಿದ ಬೇಸಾಯದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಅಣ್ಣ ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುತ್ತಿದ್ದ. ನಾನು, ಮುತ್ತುಸೆಲ್ವಿ, ಅಲ್ಲೇ ಬೀಗ ಕೂರಿಸುತ್ತಿದ್ದೆ. ಪ್ರತಿ ಬೀರುವಿಗೂ ಮೊದಲು ಅವನು ತಗಡನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ನಮ್ಮಪ್ಪ ನೇಗಿಲು ಮುಟ್ಟಿ ಹಾಗೇ ಮಾಡುತ್ತಿದ್ದರು.

೧೯೯೭ರಲ್ಲಿ ಮಾಲೀಕರು ಒಂದು ರೋಬಾಟ್ ತಂದರು. ಶೆಡ್ಡಿನ ಸೂರು ಸೋರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂದುಕೊಂಡೆ. ತಲೆಯಿಲ್ಲ, ಮೈಯಿಲ್ಲ, ಬರೀ ತೋಳು. ಹೊರದೇಶದ ಕಾರು ಕಾರ್ಖಾನೆಯಲ್ಲಿ ದುಡಿದು ಹಳತಾದದ್ದು. ಮೊದಮೊದಲ ರೋಬಾಟುಗಳಿಗೆ ಸಾಮಾನು ಎತ್ತಿಡುವುದಷ್ಟೇ ಗೊತ್ತಿತ್ತಂತೆ. ಇದರ ಮಣಿಕಟ್ಟು ಹಿಡಿದು ಒಂದು ಸಲ ಬಣ್ಣ ಹೊಡೆದು ತೋರಿಸಿದರೆ ಸಾಕು, ಆಮೇಲೆ ತಾನೇ ಹೊಡೆಯುತ್ತದೆ ಎಂದ ಎಂಜಿನಿಯರ್.

ಅಣ್ಣ ಹಿಡಿದ. ರೂಢಿ ಬಿಡುತ್ತದೆಯೇ? ತಗಡು ಮುಟ್ಟಿದ, ಕಣ್ಣಿಗೊತ್ತಿಕೊಂಡ, ಆಮೇಲೆ ಬಣ್ಣ ಹೊಡೆದ. ಯಂತ್ರ ಅಷ್ಟನ್ನೂ ನೆನಪಿಟ್ಟುಕೊಂಡಿತು. ಮರುದಿನದಿಂದ ಆ ತೋಳು ಪ್ರತಿ ಬೀರುವನ್ನೂ ಮುಟ್ಟಿ, ಮೇಲೆದ್ದು, ಯಾರೂ ಇಲ್ಲದ ಗಾಳಿಯಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು. ಅಲ್ಲಿ ಯಾರದೋ ಕಣ್ಣುಗಳಿವೆ ಅನ್ನಿಸುತ್ತಿತ್ತು. ನಾವು ಹೆಂಗಸರು ಆ ಜಾಗವನ್ನು ಸುತ್ತಿಕೊಂಡೇ ಓಡಾಡುತ್ತಿದ್ದೆವು. ಮಾಲೀಕರು ಮಾತ್ರ ಶುಭವೆಂದು ಹಾಗೇ ಬಿಟ್ಟರು.

ಮುಂದಿನ ವರ್ಷ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬೆನ್ನು ಬಾಗಿತು. ಮನೆಯಲ್ಲಿ ಆ ಕೈ ತೊಳೆದು ಒರೆಸಿ ಬಂದರೆ, ಅಣ್ಣನ ಮಣಿಕಟ್ಟು ಕೊಡವುವ ಚಾಳಿ ಸಮೇತ ಅದೇ ಕೈ ಶೆಡ್ಡಿನಲ್ಲಿ ಆಡುತ್ತಿತ್ತು. ಭಯಕ್ಕೆ ನಾನು ಅದಕ್ಕೆ ಬೆನ್ನು ಹಾಕಿ ಕೂತು ಬೀಗ ಕೂರಿಸುತ್ತಿದ್ದೆ. ಸಂಜೆ ಅಣ್ಣ ಕೇಳುವನು: "ಸೆಲ್ವಿ, ಇವತ್ತು ನನ್ ಕೈ ಚೆನ್ನಾಗಿತ್ತಾ?"

೧೯೯೯ರಲ್ಲಿ ಹೊಸ ಮಾದರಿಯ ಬೀರು ಬಂತು. ಯಂತ್ರದ ಹಳೆಯ ಪಾಠ ಅಳಿಸಿ ಹೊಸದು ಕಲಿಸಬೇಕೆಂದರು. ಕೇಳಿ ಅಣ್ಣ ಎಳೆಮಗುವಿನ ಹಾಗೆ ಅತ್ತ.

"ಅಳ್ಸೋಕ್ ಮುಂಚೆ ಒಂದ್ ತಡವೆ ನನ್ನ ಕರ್ಕೊಂಡ್ ಹೋಗಮ್ಮ. ನನ್ ಕೈಲಿ ಕಣ್ಣಿಗೊತ್ಕೋಬೇಕು."

ನಾನೂ ಅತ್ತಿಗೆ ಜೆಯಲಕ್ಷ್ಮಿಯೂ ಆಟೋದಲ್ಲಿ ಕರೆದುಕೊಂಡು ಹೋದೆವು. ಎಂಜಿನಿಯರ್ ಗೊಣಗುತ್ತಲೇ ಬಣ್ಣ ನಿಲ್ಲಿಸಿ, ಯಂತ್ರದ ವೇಗ ತಗ್ಗಿಸಿದ. ಅತ್ತಿಗೆ ಅಣ್ಣನ ಸತ್ತ ಕೈಯನ್ನು ಯಂತ್ರದ ತೋಳಿನ ಮಣಿಕಟ್ಟಿಗೆ ಟವೆಲಿನಿಂದ ಕಟ್ಟಿದಳು.

ತೋಳು ಬುಸ್ಸೆಂದಿತು. ತಗಡು ಮುಟ್ಟಿತು, ಅಣ್ಣನ ಬೆರಳುಗಳೂ ಮುಟ್ಟಿದವು. ಮೇಲೆದ್ದಿತು. ಆದರೆ ಅದು ಹೋದದ್ದು ಎರಡು ವರ್ಷದ ಹಿಂದೆ ಅಣ್ಣನ ಕಣ್ಣಿದ್ದ ಎತ್ತರಕ್ಕೆ. ಬಾಗಿ ನಿಂತವನ ನೆತ್ತಿಗಿಂತ ಒಂದು ಗೇಣು ಮೇಲೆ ಅವನದೇ ಕೈ ನಿಂತುಬಿಟ್ಟಿತು. ಅವನು ಕತ್ತು ಚಾಚಿದ. ಎಟುಕಲಿಲ್ಲ.

ಎಂಜಿನಿಯರ್ ಯಂತ್ರ ನಿಲ್ಲಿಸಿದ. ಇನ್ನೊಂದು ಸಲ ಓಡಿಸಿ ಎಂದಳು ಅತ್ತಿಗೆ. ತೋಳು ಮತ್ತೆ ತಗಡು ಮುಟ್ಟಿ ಏಳುವಾಗ, ಅವಳು ಗಂಡನ ಕಂಕುಳಿಗೆ ಕೈಕೊಟ್ಟು, ಹಲ್ಲು ಕಚ್ಚಿ, ಅವನನ್ನು ಹಳೆಯ ಎತ್ತರಕ್ಕೆ ಎತ್ತಿ ಹಿಡಿದಳು. ಕೈ ಬಂತು. ಎರಡೂ ಕಣ್ಣಿಗೆ ತಾಕಿತು.

ಕೆಳಗಿಳಿಸಿದಾಗ ಆ ಬೆರಳುಗಳು ಒದ್ದೆಯಾಗಿದ್ದವು.

"ಸೆಲ್ವಿ," ಎಂದ ಅಣ್ಣ, "ಈಗ ಅಳ್ಸೋಕ್ ಹೇಳಮ್ಮ."