ಶುಕ್ರವಾರದೊಳಗೆ ತಿಳಿಸಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬ್ಯಾಂಡಿನ ವ್ಯಾನಿನ ಬಣ್ಣ ಕಡುನೀಲಿ ಎಂದು ನನ್ನ ನೆನಪು. ಉಳಿದಿರುವ ಒಂದು ಫೋಟೊದಲ್ಲಿ ಅದು ಹಸಿರಾಗಿ ಕಾಣುತ್ತದೆ. ಮೊದಲ ಕಾರ್ಯಕ್ರಮಕ್ಕೆ ಹದಿನಾಲ್ಕು ಜನ ಬಂದಿದ್ದರು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಆ ಸಂಖ್ಯೆ ನನಗೆ ಎಲ್ಲಿಂದ ಸಿಕ್ಕಿತೋ ಗೊತ್ತಿಲ್ಲ. ಇಂಥ ತಪ್ಪುಗಳಿಂದ ಯಾರಿಗೂ ನೋವಿಲ್ಲ. ನನಗೆ ಭಯವಿರುವುದು ಒಂದೇ ಒಂದು ವಾರದ ಬಗ್ಗೆ. ದೊಡ್ಡಪ್ಪನ ಮಗಳ ಬ್ಯಾಂಡಿಗೆ ಬಂದಿದ್ದ ಒಂದೇ ಒಂದು ದೊಡ್ಡ ಅವಕಾಶ ಆ ವಾರ ಕೈತಪ್ಪಿತು. ತಪ್ಪಿಸಿದವಳು ನಾನೇ ಇರಬಹುದು.

ಎಂ.ಎಸ್. ಓದಲು ಮೈಸೂರಿನಿಂದ ಬಂದಾಗ ಬಾಸ್ಕಿಂಗ್ ರಿಡ್ಜ್‌ನ ದೊಡ್ಡಪ್ಪನ ಮನೆಯಲ್ಲಿ ಇಳಿದುಕೊಂಡೆ. ಒಂದು ಸೆಮಿಸ್ಟರ್ ಎಂದು ಬಂದವಳು ಕೆಲಸ ಸಿಕ್ಕ ಮೇಲೂ ಅಲ್ಲೇ ಉಳಿದೆ. ಅವರ ಮಗಳು ನನಗಿಂತ ನಾಲ್ಕು ವರ್ಷ ಚಿಕ್ಕವಳು, ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. 'ಅಕ್ಕ' ಎನ್ನುವ ಮಾತನ್ನು ಮಾತ್ರ ಎಂದೂ ಬಿಡಲಿಲ್ಲ.

ಬ್ಯಾಂಡಿನ ಹೆಸರು ಬರೆಯುವುದಿಲ್ಲ. ಬರೆದರೂ ಗೊತ್ತಿರುವವರು ಕಡಿಮೆ. ಮೂರೇ ಜನ: ಹಾಡುತ್ತ ಗಿಟಾರ್ ನುಡಿಸುತ್ತಿದ್ದ ಇವಳು, ಬೇಸ್ ಗಿಟಾರ್ ನುಡಿಸುತ್ತಿದ್ದ ಇವಳ ಕಾಲೇಜಿನ ರೂಮ್‌ಮೇಟ್, ಕ್ರ್ಯಾನ್‌ಬರಿಯ ಗೋದಾಮೊಂದರಲ್ಲಿ ಬೆಳಗಿನ ಪಾಳಿ ಮುಗಿಸಿ ಬರುತ್ತಿದ್ದ ಡ್ರಮ್ಮರ್. ಅಭ್ಯಾಸ ನಡೆಯುತ್ತಿದ್ದುದು ದೊಡ್ಡಪ್ಪನ ಬೇಸ್‌ಮೆಂಟಿನಲ್ಲಿ, ಅಕ್ಕಿ ಮೂಟೆಗಳಿಗೂ ನವರಾತ್ರಿಯ ಗೊಂಬೆ ಪೆಟ್ಟಿಗೆಗಳಿಗೂ ನಡುವೆ. ಡ್ರಮ್ಸ್ ಶುರುವಾದರೆ ಪೆಟ್ಟಿಗೆಯೊಳಗೆ ಗೊಂಬೆಗಳು ಅಲುಗಿ ಸದ್ದು ಮಾಡುತ್ತಿದ್ದವು. ದೊಡ್ಡಮ್ಮ ಒಂದು ದಿನ ಕೆಳಗಿಳಿದು ಬಂದು ಹಳೇ ಸೀರೆಗಳಲ್ಲಿ ಅವನ್ನೆಲ್ಲ ಇನ್ನೊಂದು ಸುತ್ತು ಸುತ್ತಿಟ್ಟು, "ಈಗ ಹೊಡ್ಕೊಳಪ್ಪ, ಎಷ್ಟು ಬೇಕಾದ್ರೂ" ಎಂದು ಡ್ರಮ್ಮರ್‌ಗೆ ಕನ್ನಡದಲ್ಲೇ ಹೇಳಿ ಹೋದರು. ಅವನಿಗೆ ಅರ್ಥವಾಗಿರಬೇಕು, ಅಂದು ಜೋರಾಗಿಯೇ ಬಾರಿಸಿದ.

ನನಗೆ ಸಂಗೀತ ಬರುವುದಿಲ್ಲ. ಆದರೆ ಮೇಲ್ ಬರೆಯಲು ಬರುತ್ತದೆ, ಸ್ಪ್ರೆಡ್‌ಶೀಟ್ ಮಾಡಲು ಬರುತ್ತದೆ, ಹಿಮದಲ್ಲೂ ವ್ಯಾನ್ ಓಡಿಸಲು ಬರುತ್ತದೆ. ಹಾಗಾಗಿ ಮೊದಲು ತಮಾಷೆಗೆ, ಆಮೇಲೆ ನಿಜಕ್ಕೂ ನಾನು ಅವರ ಮ್ಯಾನೇಜರ್ ಆದೆ. ಬ್ಯಾಂಡಿನ ಮೇಲ್ ವಿಳಾಸದ ಪಾಸ್‌ವರ್ಡ್ ಮೂವರಿಗೂ ಗೊತ್ತಿತ್ತು. ತೆರೆದು ಓದುತ್ತಿದ್ದವಳು ನಾನೊಬ್ಬಳೇ.

ಅವಳ ಹಾಡುಗಳಲ್ಲಿ ದೊಡ್ಡ ಮಾತುಗಳಿರಲಿಲ್ಲ. ಫ್ರಿಜ್ ಮೇಲೆ ಅಂಟಿಸಿದ ಚೀಟಿ, ಹೆದ್ದಾರಿಯಲ್ಲಿ ತಪ್ಪಿದ ಎಕ್ಸಿಟ್, ಪಕ್ಕದ ಮನೆಯವರು ಬೆಳಿಗ್ಗೆ ಕಾರಿನ ಮೇಲಿನ ಹಿಮ ಕೆರೆಯುವ ಸದ್ದು. ತಗ್ಗಿದ ದನಿಯಲ್ಲಿ, ಇನ್ನೇನು ಮಾತು ನಿಲ್ಲಿಸಿಬಿಡುತ್ತಾಳೆ ಎನ್ನುವ ಹಾಗೆ ಹಾಡುತ್ತಿದ್ದಳು. ಬೇಸ್‌ಮೆಂಟಿನಲ್ಲೇ ಐದು ಹಾಡು ರೆಕಾರ್ಡ್ ಮಾಡಿ ಕ್ಯಾಸೆಟ್ ಮಾಡಿಸಿದರು. ಬ್ರೂಕ್ಲಿನ್‌ನಲ್ಲಿ ಇಬ್ಬರೇ ಸೇರಿ ತಮ್ಮ ಅಪಾರ್ಟ್‌ಮೆಂಟಿನಿಂದ ನಡೆಸುತ್ತಿದ್ದ ಪುಟ್ಟ ರೆಕಾರ್ಡ್ ಲೇಬಲ್ ಅದನ್ನು ಕೇಳಿ, ಮೊದಲ ಆಲ್ಬಮ್ ತಂದಿತು. ಕಾಲೇಜ್ ರೇಡಿಯೋಗಳು ಹಾಕಿದವು. ಒಂದು ವೆಬ್‌ಸೈಟಿನಲ್ಲಿ ಒಳ್ಳೆಯ ವಿಮರ್ಶೆ ಬಂತು. ದೊಡ್ಡಮ್ಮ ಅದನ್ನು ಪ್ರಿಂಟ್ ತೆಗೆಸಿ ದೇವರ ಮುಂದಿಟ್ಟು, "ಮೆಲಂಕಲಿ ಅಂತ ಮೂರು ಸಲ ಬರ್ದಿದಾನಲ್ಲೇ, ಹೊಗಳಿದಾನೋ ಬೈದಿದಾನೋ?" ಎಂದು ಕೇಳಿದರು.

"ಹೊಗಳಿರೋದೇ ದೊಡ್ಡಮ್ಮ."

"ಹಂಗಾದ್ರೆ ಸರಿ. ನಗ್ತಾ ಹಾಡಿದ್ರೆ ಇನ್ನೂ ಹೊಗಳ್ತಿದ್ನೇನೋ."

ಆ ದೊಡ್ಡ ಅವಕಾಶದ ಮೇಲ್ ಬಂದದ್ದು ಚಳಿಗಾಲದ ಒಂದು ಸೋಮವಾರ. ಬಹಳ ದೊಡ್ಡ ಬ್ಯಾಂಡೊಂದರ ಪ್ರವಾಸ ಗೊತ್ತುಮಾಡುತ್ತಿದ್ದವನು ಬರೆದಿದ್ದ. ಶಿಕಾಗೋದಿಂದ ಪಶ್ಚಿಮ ಕರಾವಳಿಯವರೆಗೆ ಐದು ವಾರ, ಪ್ರತಿದಿನ ಅವರಿಗಿಂತ ಮುಂಚೆ ಅರ್ಧ ಗಂಟೆ ಇವರು ನುಡಿಸಬೇಕು. ಇವರ ಮಟ್ಟದ ಬ್ಯಾಂಡುಗಳು ವರ್ಷಗಟ್ಟಲೆ ಕಾಯುವುದು ಇಂಥದ್ದೊಂದು ಮೇಲ್‌ಗೆ. ಕೊನೆಯ ಸಾಲು: ಶುಕ್ರವಾರದೊಳಗೆ ತಿಳಿಸಿ.

ಅವಳಿಗೆ ಫೋನ್ ಮಾಡಬೇಕಿತ್ತು. ನಾನು ಮಾಡಿದ್ದು ಅಡುಗೆಮನೆಗೆ ಹೋಗಿ ದೊಡ್ಡಮ್ಮನಿಗೆ ಹೇಳಿದ್ದು. ಯಾಕೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಖುಷಿಗೆ ಎಂದು ಅಂದುಕೊಂಡಿದ್ದೆ.

"ಯಾವಾಗಂತೆ?" ಎಂದರು ದೊಡ್ಡಮ್ಮ.

"ಏಪ್ರಿಲ್ ಕೊನೇಲಿ ಶುರು. ಮೇ ಪೂರ್ತಿ."

"ಅಯ್ಯೋ, ನಿಮ್ಮ ದೊಡ್ಡಪ್ಪನ ಷಷ್ಟ್ಯಬ್ದಿ ಅಲ್ವೇನೇ ಆಗ?"

"ದಿನ ಗೊತ್ತಾಯ್ತಾ?"

"ಎಲ್ಲಿ ಗೊತ್ತಾಗುತ್ತೆ? ಸ್ಕೂಲಲ್ಲಿ ಬರ್ಸಿರೋದೊಂದು ದಿನ, ಹುಟ್ಟಿರೋದೊಂದು ದಿನ. ಜಾತಕ ಪುರೋಹಿತ್ರ ಹತ್ರ ಇದೆ. ಭಾನುವಾರ ನೋಡಿ ಹೇಳ್ತಾರಂತೆ."

ಹಾಲ್‌ನಿಂದ ದೊಡ್ಡಪ್ಪ ಕೂಗಿದರು. ಅವರಿಗೆ ಷಷ್ಟ್ಯಬ್ದಿ ಎಂಬುದಷ್ಟೇ ಕೇಳಿಸಿತ್ತು. "ಮುಂದಿನ ವರ್ಷ ಮಾಡಿ ಕಣ್ರೇ, ನಂಗೇನು ಅರ್ಜೆಂಟಿಲ್ಲ ಅರವತ್ತಾಗೋಕೆ!"

"ಸುಮ್ನಿರಿ ನೀವು," ಎಂದು ದೊಡ್ಡಮ್ಮ ದನಿ ತಗ್ಗಿಸಿದರು. "ಅವಳಿಗೆ ಈಗ್ಲೇ ಹೇಳ್ಬೇಡ ಕಣೇ. ಹೇಳಿದ್ರೆ ಗಿಟಾರ್ ಎತ್ಕೊಂಡು ಹೊರಟೇಬಿಡ್ತಾಳೆ. ಇರೋಳು ಒಬ್ಳೇ ಮಗಳು, ಅಪ್ಪನ ತಲೆ ಮೇಲೆ ಕಲಶದ ನೀರು ಹಾಕೋಕೆ ಅವಳಿಲ್ದಿದ್ರೆ ಹೇಗೆ? ದಿನ ಗೊತ್ತಾಗ್ಲಿ, ಆಮೇಲೆ ಹೇಳೋಣ."

"ಅವರು ಶುಕ್ರವಾರ ಅಂದಿದಾರೆ."

"ಎರಡು ದಿನಕ್ಕೇನಾಗುತ್ತೆ?"

ನಾನು ಒಪ್ಪಿದೆ. ಒಲ್ಲದ ಮನಸ್ಸಿನಿಂದ ಒಪ್ಪಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಮನೆಗಳಲ್ಲಿ ಎಲ್ಲವೂ ಹೀಗೇ ಆಗುತ್ತಿತ್ತು. ಸಂಬಂಧಪಟ್ಟವರಿಗೆ ವಿಷಯ ತಿಳಿಯುವುದು ಕೊನೆಗೆ, ಎಲ್ಲ ಗೊತ್ತುಮಾಡಿದ ಮೇಲೆ. ಎಂಜಿನಿಯರಿಂಗ್‌ನಲ್ಲಿ ನಾನು ಓದುವ ಬ್ರಾಂಚ್ ಯಾವುದು ಎಂದು ನನಗೆ ತಿಳಿದದ್ದು ಸೀಟು ಸಿಕ್ಕ ಮೇಲೆ. ಅದನ್ನು ಯಾರೂ ಅನ್ಯಾಯ ಎಂದುಕೊಳ್ಳಲಿಲ್ಲ, ನಾನೂ ಕೂಡ. ಅವಳಿಗೂ ಹಾಗೆಯೇ, ತೊಡಕೆಲ್ಲ ಬಿಡಿಸಿ ಒಳ್ಳೆಯ ಸುದ್ದಿಯನ್ನು ಕೈಗಿಡಬೇಕು ಎಂದು ನನಗೆ ಆಸೆಯಿತ್ತು.

ಶುಕ್ರವಾರ ಬಂತು. ಎರಡು ದಿನ ಸಮಯ ಕೇಳಿ ಒಂದು ಮೇಲ್ ಬರೆದೆ, ಕಳಿಸಲಿಲ್ಲ. ಸಮಯ ಕೇಳಿದರೆ ಆಸಕ್ತಿಯಿಲ್ಲ ಎಂದುಕೊಂಡಾನು. ಶುಕ್ರವಾರ ಎಂದರೂ ಅವನು ನೋಡುವುದು ಸೋಮವಾರ ಬೆಳಿಗ್ಗೆ ತಾನೇ. ಹೀಗೆಲ್ಲ ಲೆಕ್ಕ ಹಾಕಿದೆ. ಪುರೋಹಿತರಿಗೆ ನಾನೇ ಫೋನ್ ಮಾಡಬಹುದಿತ್ತಲ್ಲ ಎಂದು ಕೇಳಬಹುದು. ವಾರದ ದಿನಗಳಲ್ಲಿ ಅವರೂ ಐ.ಟಿ. ಆಫೀಸಿಗೆ ಹೋಗುವವರೇ, ಪಂಚಾಂಗ ತೆಗೆಯುತ್ತಿದ್ದುದು ಭಾನುವಾರ, ದೇವಸ್ಥಾನದಲ್ಲಿ.

ಭಾನುವಾರ ಅವರು ಜಾತಕ ನೋಡಿ, ಬೆರಳು ಮಡಿಸಿ ಎಣಿಸಿ, ಜೂನ್ ಎರಡನೆಯ ವಾರದ ಒಂದು ದಿನ ಹೇಳಿದರು. ಪ್ರವಾಸ ಮುಗಿದು ಹತ್ತು ಹನ್ನೆರಡು ದಿನಗಳಾದ ಮೇಲೆ. ದೊಡ್ಡಮ್ಮ ನನ್ನ ತೋಳು ಹಿಡಿದು, "ನೋಡಿದ್ಯಾ, ಎಲ್ಲಾ ಸರಿಹೋಯ್ತು!" ಎಂದರು. ಪಾರ್ಕಿಂಗ್ ಲಾಟಿನಲ್ಲಿ ಗ್ಲವ್ ಬಿಚ್ಚಿ, ಕೊರೆಯುವ ಬೆರಳುಗಳಲ್ಲಿ, ಒಪ್ಪಿಗೆ ಎಂದು ಟೈಪ್ ಮಾಡಿ ಕಳಿಸಿದೆ.

ಸೋಮವಾರ ಬೆಳಿಗ್ಗೆ ಉತ್ತರ ಬಂತು, ಮೂರು ಸಾಲು. ನಿಮ್ಮಿಂದ ಸುದ್ದಿಯಿಲ್ಲದ ಕಾರಣ ಶನಿವಾರವೇ ಬೇರೊಂದು ಬ್ಯಾಂಡನ್ನು ಗೊತ್ತುಮಾಡಿದೆವು. ಆಲ್ಬಮ್ ನಮಗೆಲ್ಲ ತುಂಬ ಇಷ್ಟ. ಮುಂದೆಂದಾದರೂ ನೋಡೋಣ. ಆ 'ಮುಂದೆ' ಎಂಬುದು ಬರಲೇ ಇಲ್ಲ. ಆ ಮೇಲನ್ನು ಅವಳಿಗೆ ಫಾರ್ವರ್ಡ್ ಮಾಡಿ, ಹೀಗಾಯಿತು ನೋಡು, ಸಾರಿ, ಎಂದು ಬರೆದೆ. ಅವಳು ಬರೆದದ್ದು 'ಓಕೆ' ಅಷ್ಟೇ.

ನೆನಪು ಕೈಕೊಡುವುದು ಇಲ್ಲಿ. ಆ ವಾರದ ಮಧ್ಯೆ, ಗುರುವಾರ, ಲಾಂಗ್ ಐಲೆಂಡಿನ ಕಾಲೇಜ್ ರೇಡಿಯೋ ಒಂದಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದೆ. ವಾಪಸ್ಸು ಬರುವಾಗ ಹಿಕ್ಸ್‌ವಿಲ್‌ನಲ್ಲಿ ನಿಲ್ಲಿಸಿ, ದೋಸೆ ಕಟ್ಟಿಸಿಕೊಂಡು ಕಾರಿನಲ್ಲೇ ಕೂತು ತಿಂದೆವು. ರೈಲ್ವೆ ಸ್ಟೇಷನ್ನಿನಿಂದ ಜನ ಕೊರಳಪಟ್ಟಿ ಎತ್ತಿಕೊಂಡು ಇಳಿದು ಬರುತ್ತಿದ್ದರು. ಅಲ್ಲಿ ನಾನು ಅವಳಿಗೆ ಹೇಳಿದೆ: "ಒಂದು ಟೂರ್ ಬಂದಿದೆ ಕಣೇ. ಡೇಟ್ ಸ್ವಲ್ಪ ನೋಡ್ಬೇಕು." ಅವಳು ಬೆರಳಿಗಂಟಿದ ಚಟ್ನಿ ನೆಕ್ಕುತ್ತ, "ಯೂ ಡಿಸೈಡ್, ಅಕ್ಕ. ಯೂ ಆಲ್ವೇಸ್ ಡೂ" ಎಂದಳು. ಚಟ್ನಿ, ಬೆರಳು, ಆ ದನಿ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಇಷ್ಟು ಸ್ಪಷ್ಟವಾಗಿರುವುದರಿಂದಲೇ ನನಗೆ ಅನುಮಾನ.

ಅವಳು ಆ ಮಾತನ್ನು ಬೇರೆ ಯಾವುದೋ ದಿನ, ಬೇರೆ ಯಾವುದೋ ಮೇಲ್ ಬಗ್ಗೆ ಆಡಿರಬಹುದು. ನಾವು ಆ ಕಾರಿನಲ್ಲಿ ಅಲ್ಲಿ ಎಷ್ಟೋ ಸಲ ತಿಂದಿದ್ದೇವೆ. ಡೈರಿ ತೆಗೆದು ನೋಡಿದೆ. ಗುರುವಾರ: 'ಹಿಕ್ಸ್‌ವಿಲ್. ದೋಸೆ ಸೀದಿತ್ತು. ಗಂಟಲು ಕೆರೆತ.' ದೋಸೆ ಸೀದದ್ದನ್ನು ಬರೆದವಳು ಇದನ್ನು ಬರೆಯಲಿಲ್ಲ. ಹೇಳದೇ ಇದ್ದದ್ದಕ್ಕೆ ಬರೆಯಲಿಲ್ಲವೋ, ಹೇಳಿದ್ದು ಅಷ್ಟು ಹಗುರವಾಗಿತ್ತೆಂದು ಬರೆಯಲಿಲ್ಲವೋ? ಅವಳಿಗೆ ಮೊದಲೇ ಗೊತ್ತಿದ್ದರೆ ಶುಕ್ರವಾರ ಏನಾಯಿತು ಎಂದು ಕೇಳುತ್ತಿರಲಿಲ್ಲವೇ? ಗೊತ್ತಿರಲಿಲ್ಲ ಎಂದಾದರೆ ಸೋಮವಾರ ನನ್ನ ಮೇಲೆ ಕೂಗಾಡಬೇಕಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಗುರುವಾರ ಹೇಳಿದ್ದೆ ಎಂದಾದರೆ ಅವಳು ನನ್ನನ್ನು ನಂಬಿ ಬಿಟ್ಟುಕೊಟ್ಟಳು ಎನ್ನಬಹುದು. ಹೇಳಿರಲಿಲ್ಲ ಎಂದಾದರೆ ನಾನು ಅವಳ ಬದುಕನ್ನು ಅವಳಿಗೆ ತೋರಿಸದೆಯೇ ತೆಗೆದಿಟ್ಟೆ. ಇಷ್ಟು ವರ್ಷ ನಾನು ಮೊದಲನೆಯದನ್ನು ನಂಬಿಕೊಂಡು ಬಂದಿದ್ದೇನೆ; ಅದು ನನಗೆ ಅನುಕೂಲ.

ಮುಂದಿನ ಅಭ್ಯಾಸದ ದಿನ ಬೇಸ್ ನುಡಿಸುವವಳು ನನ್ನನ್ನೇ ನೋಡುತ್ತ ಕೇಳಿದಳು: "ಆರು ದಿನ? ಆರು ದಿನ ಆ ಮೇಲ್ ನಿಮ್ಮ ಹತ್ತಿರವೇ ಇತ್ತಾ?" ಡ್ರಮ್ಮರ್, "ಮ್ಯಾನೇಜರ್ ದೇವರ ಸಹಿಗೆ ಕಾಯ್ತಿದ್ರು" ಎಂದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ. ದೊಡ್ಡಪ್ಪನ ಮಗಳು ತನ್ನ ಗಿಟಾರಿನ ತಂತಿ ಬಿಗಿಮಾಡುತ್ತಿದ್ದಳು. ತಲೆಯೆತ್ತದೆ, "ಲೆಟ್ಸ್ ಪ್ಲೇ" ಎಂದಳು.

ಎರಡನೆಯ ಆಲ್ಬಮ್ ಬಂತು. ಮೊದಲನೆಯದಕ್ಕಿಂತ ಚೆನ್ನಾಗಿತ್ತು ಎಂದು ನನಗನಿಸುತ್ತದೆ. ಪ್ರವಾಸವಿಲ್ಲದೆ ಬಂದ ಆಲ್ಬಮ್ ಯಾರ ಕಿವಿಗೂ ಬೀಳಲಿಲ್ಲ. ಲೇಬಲ್ ನಡೆಸುತ್ತಿದ್ದ ಇಬ್ಬರು ಬೇರೆಯಾಗಿ ಅದೂ ಮುಚ್ಚಿತು. ಬೇಸ್ ನುಡಿಸುವವಳು ಬೇರೆ ಊರಿಗೆ ಹೋದಳು, ಡ್ರಮ್ಮರ್‌ಗೆ ಗೋದಾಮಿನಲ್ಲಿ ಪಾಳಿ ಬದಲಾಯಿತು. ಬ್ಯಾಂಡ್ ಮುಗಿಯಿತು ಎಂದು ಯಾರೂ ಯಾರಿಗೂ ಹೇಳಲಿಲ್ಲ. ಅವರ ಬದಲು ಪ್ರವಾಸಕ್ಕೆ ಹೋದ ಬ್ಯಾಂಡನ್ನು ನಾನು ಹುಡುಕಿ ನೋಡಿದ್ದೇನೆ. ಮೂರ್ನಾಲ್ಕು ವರ್ಷ ಹೆಸರು ಮಾಡಿ ಅದೂ ಇಲ್ಲವಾಯಿತು. ಹಾಗಾದರೆ ಹೋಗಿದ್ದರೂ ಇಷ್ಟೇ ಆಗುತ್ತಿತ್ತು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆ ಮೂರ್ನಾಲ್ಕು ವರ್ಷ ಅವರಿಗೆ ಸಿಕ್ಕಿತಲ್ಲ.

ಷಷ್ಟ್ಯಬ್ದಿ ಚೆನ್ನಾಗಿ ನಡೆಯಿತು. ಅವಳು ರೇಷ್ಮೆ ಸೀರೆ ಉಟ್ಟು ಅಪ್ಪನ ತಲೆಯ ಮೇಲೆ ನೀರು ಹಾಕಿದಳು. ಊಟ ಆದಮೇಲೆ ಅಂಕಲ್ ಒಬ್ಬರು, "ಏನಮ್ಮಾ ರಾಕ್‌ಸ್ಟಾರ್, ಒಂದು ದೇವರನಾಮ ಆಗ್ಲಿ" ಎಂದರು. ಗಂಟಲು ಸರಿಯಿಲ್ಲ ಎಂದಳು. ಆಮೇಲೆ ಯಾರು ಕೇಳಿದರೂ ಅದೇ ಉತ್ತರ. ಕೊನೆಗೆ ಜನ ಕೇಳುವುದನ್ನೇ ಬಿಟ್ಟರು.

ಈಗ ಅವಳು ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿದ್ದಾಳೆ. ಔಷಧದ ಪೊಟ್ಟಣದೊಳಗಿನ ಸೂಚನೆಗಳಲ್ಲಿ ತಪ್ಪು ಹುಡುಕುವ ಕೆಲಸ. ಏಳು ವರ್ಷದ ಮಗಳಿದ್ದಾಳೆ. ಅಮ್ಮ ಹಾಡುತ್ತಿದ್ದಳು ಎಂಬುದು ಆ ಮಗುವಿಗೆ ಗೊತ್ತಿಲ್ಲ. ಹಾಡುಗಳು ಆನ್‌ಲೈನಿನಲ್ಲಿ ಇನ್ನೂ ಇವೆ, ತಿಂಗಳಿಗೆ ಎಷ್ಟು ಜನ ಕೇಳಿದರು ಎಂದು ಕೆಳಗೆ ತೋರಿಸುತ್ತದೆ. ಅವರಲ್ಲಿ ನಾನೊಬ್ಬಳು.

ಮೂರು ವಾರಗಳ ಹಿಂದೆ ಅವಳ ಮನೆಯಲ್ಲಿದ್ದೆ. ಅವಳು ಮಗಳ ಲಂಚ್‌ಬಾಕ್ಸಿಗೆ ಸೇಬು ಹೆಚ್ಚುತ್ತಿದ್ದಳು. ಎಷ್ಟೋ ವರ್ಷಗಳಿಂದ ಕೇಳಬೇಕೆಂದಿದ್ದದ್ದನ್ನು ಅಲ್ಲೇ, ಕನ್ನಡದಲ್ಲೇ ಕೇಳಿದೆ. ಅವಳ ಕೈ ಸ್ವಲ್ಪ ಹೊತ್ತು ನಿಂತಿತು. ನಿಂತ ಹಾಗೆ ನನಗೆ ಕಂಡಿತು ಎನ್ನುವುದು ಹೆಚ್ಚು ಸರಿ. ಆಮೇಲೆ ಸೇಬಿನ ಹೋಳುಗಳನ್ನು ಬಾಕ್ಸಿಗೆ ತುಂಬಿ, ಮುಚ್ಚಳ ಒತ್ತಿ, ಬಸ್ ಬಂತು ಎಂದು ಮಗಳನ್ನು ಕರೆದುಕೊಂಡು ಹೊರಗೆ ಹೋದಳು. ಅದಾದ ಮೇಲೆ ಎರಡು ಸಲ ಫೋನ್ ಮಾಡಿದ್ದಾಳೆ, ದೊಡ್ಡಪ್ಪನ ಮಂಡಿನೋವಿನ ಬಗ್ಗೆ. ನಾನು ಕೇಳಿದ್ದು ಇಷ್ಟೇ:

"ಆ ಗುರುವಾರ ಹಿಕ್ಸ್‌ವಿಲ್‌ನಲ್ಲಿ ಕಾರಲ್ಲಿ ಕೂತಿದ್ದಾಗ, ಟೂರ್ ಬಗ್ಗೆ ನಾನು ನಿಂಗೆ ಹೇಳಿದ್ನಾ?"