ಠಣ್ ಅನ್ನುವ ಪೆಟ್ಟಿಗೆ

ಹೋದ ಭಾನುವಾರ ನನ್ನ ಹೆಂಡತಿ ನನ್ನ ಹೊಸ ಸ್ಪೀಕರನ್ನು, ಸಂತೆಯಲ್ಲಿ ಗಡಿಗೆ ಬಡಿದು ನೋಡುತ್ತಾರಲ್ಲ ಹಾಗೆ, ಬೆರಳಿನ ಗೆಣ್ಣಿನಿಂದ ಬಡಿದಳು. ಅದು ಠಣ್ ಅಂತು. ಅಲ್ಲಿಗೆ ನನ್ನ ಹದಿನಾಲ್ಕು ವರ್ಷದ ಫಿಸಿಕ್ಸ್ ಪಾಠ ಮುಗಿಯಿತು.

ಮೊದಲಿಂದ ಹೇಳುತ್ತೇನೆ.

ನಾನು ಚನ್ನಗಿರಿಯ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವನು ಎಂಬುದು ಈ ಅಂಕಣ ಓದುವವರಿಗೆ ಗೊತ್ತು. ನನಗೆ ಟೇಪ್ ರೆಕಾರ್ಡರಿನ ಹುಚ್ಚು ಇರುವುದೂ ಗೊತ್ತು. ಈಚೆಗೆ ಆ ಹುಚ್ಚು ಇನ್ನೊಂದು ಮೆಟ್ಟಿಲು ಹತ್ತಿತು. ಬೆಂಗಳೂರಿನಿಂದ ಎರಡು ಬಿಡಿ ಸ್ಪೀಕರ್ ತರಿಸಿ, ಪುಸ್ತಕದ ಶೆಲ್ಫಿನಲ್ಲಿ ಕೂರುವಂಥ ಎರಡು ಮರದ ಪೆಟ್ಟಿಗೆ ಮಾಡಿಸಿದೆ. (ಅವಕ್ಕೆ ಜಾಗ ಬೇಕಲ್ಲ, ಎರಡು ಸಾಲು ಪುಸ್ತಕ ಅಟ್ಟ ಸೇರಿದವು. ಬರೆಯುವವನೇ ಹೀಗೆ ಮಾಡಿದರೆ ಹೇಗೆ ಅಂತ ಕೇಳಬೇಡಿ.)

ಪೆಟ್ಟಿಗೆ ಮಾಡಿದವರು ನಮ್ಮ ಬೀದಿಯ ಬಡಗಿ ವೀರಭದ್ರಾಚಾರ್ರು. ತೆಳ್ಳಗೆ ಸೀಳಿದ ಹಳೇ ಸಾಗುವಾನಿ, ಮುಖ ಕಾಣುವಂಥ ಪಾಲಿಷ್. "ಮರ ಹೆಂಗೆ ಮಾತಾಡ್ತೈತೆ ನೋಡ್ರಿ ಸಾರ್" ಅಂತ ಹೆಮ್ಮೆಯಿಂದ ಕೊಟ್ಟರು. ಸಿನಿಮಾ ಹಾಡು ಹಾಕಿದೆ. ಮನೆಯೆಲ್ಲ ತುಂಬಿಕೊಳ್ಳುವ ಗಂಭೀರ ದನಿ. ನಾನು ಬೀಗಿದೆ. ನೋಡಲು ಬಂದವರಿಗೆಲ್ಲ ಕಾಫಿ ಕೊಟ್ಟು ಕೂರಿಸಿ ಕೇಳಿಸಿದೆ.

ಹಾಗೆ ಬಂದವರಲ್ಲಿ ಪಕ್ಕದ ಮನೆಯ ಸರ್ವಮಂಗಳ ಟೀಚರ್ ಒಬ್ಬರು. ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ. ವಚನ ಹಾಡುತ್ತಾರೆ. ಬೆಳಿಗ್ಗೆ ಐದೂವರೆಗೆ ಅವರ ದನಿ ಗೋಡೆ ದಾಟಿ ಬಂದರೆ ನಮ್ಮ ಮನೆಯಲ್ಲಿ ಒಲೆ ಹಚ್ಚುವ ಹೊತ್ತಾಯಿತು ಅಂತ ಲೆಕ್ಕ. ರೇಡಿಯೋದಲ್ಲಿ ಹಾಡಬೇಕು ಅಂತ ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದರು. ಈ ಸಲ ಸ್ವರ ಪರೀಕ್ಷೆಗೆ ಬನ್ನಿ ಅಂತ ಕಾಗದ ಬಂದಿತ್ತು. ಕೈಯಲ್ಲಿ ಹತ್ತು ದಿನ ಇತ್ತು.

"ಸಾರ್, ನಿಮ್ಮ ಮಷೀನಿನಾಗೆ ಕೇಳಿ ಹೇಳ್ರಿ. ಮಂದಿ ಎಲ್ಲಾ ಚೆನ್ನಾಗೈತೆ ಅಂತಾರೆ. ನಂಬಾಕೆ ಧೈರ್ಯ ಇಲ್ಲ" ಅಂದರು.

ನನಗೆ ಇನ್ನೇನು ಬೇಕು? ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿ, ಮೈಕ್ ಹಿಡಿದು ಒಂದು ವಚನ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಸ್ಪೀಕರಿನಲ್ಲಿ ಹಾಕಿದೆ. ಒಂದು ಸ್ವರಕ್ಕೆ ಬಂದಾಗಲೆಲ್ಲ ದನಿ ಗುಂಯ್ ಅಂತ ಊದಿಕೊಂಡು, ಕೊಡದೊಳಗೆ ತಲೆ ಹಾಕಿ ಹಾಡಿದ ಹಾಗೆ ಕೇಳಿಸಿತು. ಎದುರಿಗೆ ಕೂತು ಹಾಡಿದಾಗ ಹಾಗಿರಲಿಲ್ಲ. ಆದರೆ ಎದುರಿಗೆ ಕೇಳುವಾಗ ಪರಿಚಯ, ದಾಕ್ಷಿಣ್ಯ ಎಲ್ಲ ಸೇರುತ್ತದೆ, ಮಷೀನಿಗೆ ದಾಕ್ಷಿಣ್ಯ ಇಲ್ಲ. ಹೀಗಂತ ನನಗೆ ನಾನೇ ಪಾಠ ಮಾಡಿಕೊಂಡೆ.

"ದನಿಯೊಳಗೇ ಏನೋ ದೋಷ ಐತ್ರಿ ಟೀಚರ್. ಈ ಸಲ ಬ್ಯಾಡ ಬಿಡ್ರಿ" ಅಂದೆ.

ಅವರು ವಾದ ಮಾಡಲಿಲ್ಲ. "ಆಯ್ತು ಸಾರ್" ಅಂದು, ಕಾಗದ ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ಹೋದರು. ಮಾರನೇ ದಿನ ಬೆಳಿಗ್ಗೆ ಗೋಡೆಯ ಆಚೆಯಿಂದ ಹಾಡು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

"ಏನಂದ್ರಿ ಆಯಮ್ಮಗೆ?" ಅಂತ ಹೆಂಡತಿ ಗೌರಿ ಕೇಳಿದಳು. ಹೇಳಿದೆ. "ದಿನಾ ಕೇಳ್ತೀನಿ ನಾನು. ಯಾವ ಕೊಡಾನೂ ಕೇಳಿಲ್ಲ" ಅಂದಳು.

ನನಗೆ ರೇಗಿತು. ಜಗಳೂರಿನ ಕಡೆಯವಳು, ಬಿಟ್ಟುಕೊಡುವ ಪೈಕಿ ಅಲ್ಲ. ನಾನು ಬಿಟ್ಟುಕೊಡುತ್ತೇನೆಯೇ? ನನ್ನ ಸ್ಪೀಕರ್ ಸರಿ ಇದೆ ಅಂತ ಅಳೆದು ತೋರಿಸಲು ಹೊರಟೆ.

ಕಾಲೇಜಿನಿಂದ ಹಾರ್ಮೋನಿಯಂ ತಂದೆ. ಸಹೋದ್ಯೋಗಿಯೊಬ್ಬರಿಂದ ಇನ್ನೊಂದು ಟೇಪ್ ರೆಕಾರ್ಡರ್ ತಂದೆ, ಶಬ್ದ ಎಷ್ಟಿದೆ ಅಂತ ತೋರಿಸುವ ಮುಳ್ಳು ಇರುವಂಥದ್ದು. ಹಾರ್ಮೋನಿಯಮ್ಮಿನ ಕೀಗಳನ್ನು ಒಂದೊಂದಾಗಿ ಒತ್ತಿ ಮೊದಲ ಮಷೀನಿನಲ್ಲಿ ರೆಕಾರ್ಡ್ ಮಾಡಿದೆ. ಅದನ್ನು ಸ್ಪೀಕರಿನಲ್ಲಿ ಹಾಕಿ, ಒಂದು ಗಜ ದೂರದಲ್ಲಿ ಎರಡನೇ ಮಷೀನಿನ ಮೈಕ್ ಇಟ್ಟು, ಮುಳ್ಳು ಎಲ್ಲಿ ನಿಂತಿತು ಅಂತ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತಾ ಹೋದೆ. ಶನಿವಾರ ಮಧ್ಯಾಹ್ನ ಪೂರ್ತಿ ಇದೇ ಕೆಲಸ. ಬೀದಿಯವರು ನಾನು ಸಂಗೀತ ಕಲಿಯುತ್ತಿದ್ದೇನೆ ಅಂದುಕೊಂಡರು. (ಪಾಪ, ಎಷ್ಟು ಸಹಿಸಿದರೋ.)

ಚುಕ್ಕಿಗಳು ನೆಟ್ಟಗೆ ಹೋಗುತ್ತಾ ಹೋಗುತ್ತಾ ಒಂದು ಕೀ ಹತ್ತಿರ ಜಿಗಿದವು. ಹಾರ್ಮೋನಿಯಂ ನುಡಿಸಿ ನೇರವಾಗಿ ಅಳೆದರೆ ಅದೇ ಕೀ ಸಾಧುವಾಗಿತ್ತು. ಅಂದರೆ ದೋಷ ಸ್ಪೀಕರಿನದು. ಆದರೆ ಏನು ದೋಷ? ವೈರ್ ನೋಡಿದೆ. ಸ್ಕ್ರೂ ಬಿಗಿ ಮಾಡಿದೆ. ಎರಡು ಪೆಟ್ಟಿಗೆಯನ್ನೂ ಅದಲು ಬದಲು ಮಾಡಿದೆ. ಮುಳ್ಳು ಅಲ್ಲೇ ಜಿಗಿಯಿತು.

ಭಾನುವಾರ ಗೌರಿ ಹೊಸದಾಗಿ ತಂದ ಗಡಿಗೆ ಕಂಕುಳಲ್ಲಿಟ್ಟುಕೊಂಡು ಬಂದು ನಿಂತಳು. ನನ್ನ ಮುಖ ನೋಡಿದಳು. ಗಡಿಗೆ ಇಳಿಸಿ, ಅದನ್ನೊಮ್ಮೆ ಬಡಿದಳು. ಠಣ್. ಸ್ಪೀಕರ್ ಪೆಟ್ಟಿಗೆ ಬಡಿದಳು. ಅದೂ ಠಣ್.

"ಒಳ್ಳೇ ಮರ" ಅಂದೆ.

"ನೀರು ತುಂಬೋ ಗಡಿಗೆ ಠಣ್ ಅನ್ಬೇಕು, ಸರಿ. ಬ್ಯಾರೇರ ಹಾಡು ಹೇಳೋ ಪೆಟ್ಟಿಗೆ ಯಾಕೆ ಠಣ್ ಅನ್ಬೇಕ್ರೀ? ಅವರು ಹಾಡೋವಾಗ ಇದೂ ಹಾಡ್ತೈತೇನೋ."

ನಾನು ಆ ಕೀ ಬರುವಲ್ಲಿಗೆ ಟೇಪ್ ಹಿಂದೆ ತಿರುಗಿಸಿ ಹಾಕಿದೆ. ಮುಳ್ಳು ಜಿಗಿಯಿತು. ಅವಳು ಪೆಟ್ಟಿಗೆಯ ಪಕ್ಕದ ಹಲಗೆಗೆ ಅಂಗೈ ಒತ್ತಿದಳು. ಮುಳ್ಳು ಇಳಿಯಿತು. ಕೈ ತೆಗೆದಳು, ಏರಿತು. ಮತ್ತೆ ಇಟ್ಟಳು, ಇಳಿಯಿತು. "ಜುಮ್ ಅಂತೈತೆ, ಮುಟ್ಟಿ ನೋಡ್ರಿ" ಅಂದಳು. ಮುಟ್ಟಿದೆ. ಸಾಗುವಾನಿ ಹಲಗೆ ನನ್ನ ಅಂಗೈ ಕೆಳಗೆ ನಡುಗುತ್ತಿತ್ತು. ನನ್ನ ಮೈಯೂ ಜುಮ್ ಅಂತು, ಸುಳ್ಳು ಯಾಕೆ ಹೇಳಲಿ.

ಅನುರಣನ ಅಂತ ನಾವು ಇದಕ್ಕೆ ಹೆಸರಿಟ್ಟಿದ್ದೇವೆ. ಒಂದರ ಕಂಪನಕ್ಕೆ ಇನ್ನೊಂದು ದನಿಗೂಡಿಸುವುದು. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಪರೀಕ್ಷೆಗೆ ಕೇಳುತ್ತೇನೆ, ಬರೆಯದವರ ಮಾರ್ಕ್ಸ್ ಕಡಿಮೆ ಮಾಡುತ್ತೇನೆ. ಅದು ನನ್ನ ಮನೆಯ ಶೆಲ್ಫಿನಲ್ಲಿ ಕೂತು ಕೂಗುತ್ತಿದ್ದರೆ ಮಾತ್ರ ಗುರುತು ಸಿಕ್ಕಲಿಲ್ಲ. ಇಷ್ಟು ದಿನ ಅದನ್ನೇ ಗಾಂಭೀರ್ಯ ಅಂತ ಹೊಗಳಿದೆನಲ್ಲ!

ಆಚಾರ್ರಿಗೆ ಹೇಳಿದಾಗ ಮುಖ ಸಣ್ಣದಾಯಿತು. "ಮರದ ಬಾಯಿ ಮುಚ್ಚಿಸಾಕೆ ಹೇಳ್ತೀರಲ್ಲ ಸಾರ್. ನಮ್ಮಪ್ಪ ಮರ ಮಾತಾಡ್ಲಿ ಅಂತ ಕಲಿಸ್ದ." ಆದರೂ ಮಾಡಿಕೊಟ್ಟರು. ಒಳಗೆ ಅಡ್ಡಪಟ್ಟಿ ಹೊಡೆದರು. ಹಲಗೆಗಳಿಗೆ ಡಾಂಬರು ಬಳಿದು ಗೋಣಿತಟ್ಟು ಅಂಟಿಸಿದರು. ಗೌರಿ ಹಳೇ ಹಾಸಿಗೆ ಬಿಚ್ಚಿ ಹತ್ತಿ ಕೊಟ್ಟಳು. ಬುಧವಾರ ಬಡಿದು ನೋಡಿದರೆ ದಪ್ ಅಂತು. ಆಚಾರ್ರು ಸತ್ತವರ ಮನೆಗೆ ಬಂದವರ ಹಾಗೆ ನಿಂತಿದ್ದರು.

ಟೀಚರ ಟೇಪ್ ಹಾಕಿದೆ.

ಏನು ಹೇಳಲಿ? ಪೆಟ್ಟಿಗೆ ಇಲ್ಲವಾಗಿತ್ತು. ಶೆಲ್ಫ್ ಇಲ್ಲವಾಗಿತ್ತು. ನಡುಮನೆಯ ಚಾಪೆಯ ಮೇಲೆ ಸರ್ವಮಂಗಳ ಟೀಚರ್ ಕೂತು ಹಾಡುತ್ತಿದ್ದರು, ಅಷ್ಟೇ. ಸಾಲು ಮುಗಿಸಿ ಉಸಿರು ಎಳೆದುಕೊಂಡದ್ದು ಕೇಳಿಸಿತು. ತೊಡೆಯ ಮೇಲೆ ತಾಳ ಹಾಕುವಾಗ ಬಳೆ ಸರಿದದ್ದು ಕೇಳಿಸಿತು. ಊದಿಕೊಳ್ಳುತ್ತಿದ್ದ ಆ ಸ್ವರ ಈಗ ನೆಟ್ಟಗೆ, ತೆಳ್ಳಗೆ ನಿಂತಿತ್ತು. ಆಚಾರ್ರು ಸುಮ್ಮನೆ ನೆಲದ ಮೇಲೆ ಕೂತುಬಿಟ್ಟರು. ಇಂಥ ದನಿಗೆ ನಾನು ಬೇಡ ಬಿಡ್ರಿ ಅಂದಿದ್ದೆ.

ಸ್ವರ ಪರೀಕ್ಷೆ ಶುಕ್ರವಾರ. ಗೌರಿ ಹೋಗಿ ಟೀಚರನ್ನು ಕರೆತಂದಳು. "ಪೆಟ್ಟಿಗೆ ಹಾಡಿದ್ದನ್ನ ನಿಮ್ಮ ತಲೆಗೆ ಕಟ್ಟಿದೆ ಟೀಚರ್. ತಪ್ಪು ನಂದು" ಅಂದು ಟೇಪ್ ಹಾಕಿದೆ. ಅವರು ತಲೆ ಬಗ್ಗಿಸಿ ಕೇಳಿದರು. ಮುಗಿದ ಮೇಲೆ, "ಇನ್ನೊಂದು ಸಲ ಹಾಕ್ರಿ" ಅಂದರು. ಹಾಕಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಹೋಗ್ತೀರಲ್ಲ?" ಅಂತ ಗೌರಿ ಕೇಳಿದಳು.

"ಹೋಗ್ತೀನಿ. ಶಿವಮೊಗ್ಗದ ಮೊದಲ ಬಸ್ಸಿಗೆ." ನನಗೆ ಬೈಯುತ್ತಾರೆ ಅಂತ ಕಾದೆ. ಅವರು ಬೇರೆ ಏನೋ ಯೋಚಿಸುತ್ತಿದ್ದರು. "ಸಾರ್, ಆರನೇ ಕ್ಲಾಸಿನಾಗೆ ಒಂದು ಹುಡುಗಿ ಐತೆ. ಪ್ರಾರ್ಥನೆ ಹಾಡಾಕೆ ಬಂದಿತ್ತು. ನಿನ್ನ ದನಿ ಒಡಕು, ಹಿಂದಿನ ಸಾಲಿಗೆ ಹೋಗು ಅಂದಿದ್ದೆ. ನಮ್ಮ ಪ್ರಾರ್ಥನೆ ಹಾಲಿಗೆ ತಗಡಿನ ಸೂರು. ಸೋಮವಾರ ಆ ಮಗೂನ ಬಯಲಿಗೆ ಕರ್ಕೊಂಡು ಹೋಗಿ ಕೇಳ್ತೀನಿ."

ಅಂದಹಾಗೆ, ನೀವು ಯಾರ ದನಿಯನ್ನು ಒಡಕು ಅಂದಿರಿ, ಯಾವ ಸೂರಿನಡಿ ನಿಂತು?